ಗಡಿ ಕಾಯಲು ಸಾವಿರಾರು ಕೋಟಿ, ಆದರೂ ಬರ್ಮಾ ಅಡಿಕೆ ಒಳಗೆ ಬರುತ್ತಲ್ಲ?

ಆಗುಂಬೆ ಮಳೆ (ತೀರ್ಥಹಳ್ಳಿ)

ಮೊನ್ನೆ ನಾಲ್ಕು ಮೂಟೆ ರಾಶಿ ಅಡಿಕೆ (ಬೇಯಿಸಿ ಒಣಗಿಸಿದ ಕೆಂಪಡಿಕೆ) ಹಾಕಿಕೊಂಡು ಶಿವಮೊಗ್ಗ ಮಂಡಿಗೆ ಹೋಗಿದ್ದೆ. ಬೆಲೆ ಜಾರಿತ್ತು. ಒಂದು ಮೂಟೆ ಕೊಟ್ಟೆ, ಮೂರನ್ನು ಅಲ್ಲೇ ಇಟ್ಟು ಬಂದೆ. ಯಾಕೆ ಇಳಿಯಿತು ಎಂದು ಕೇಳಿದರೆ ಪಕ್ಕದವರು ಹೇಳಿದ್ದು ಒಂದೇ ಮಾತು, ‘ಬರ್ಮಾ ಮಾಲು ಬಂದಿದೆ ಮಾರಾಯ್ರೆ’.

ಮನೆಗೆ ಬಂದವನು ಅಳಿಯನ ಹತ್ತಿರ ಕೇಂದ್ರದ 2025-26ರ ಬಜೆಟ್ ಪುಸ್ತಕ ತೆಗೆಸಿದೆ. ಗಡಿ ಭದ್ರತಾ ಪಡೆಗೆ 28 ಸಾವಿರ ಕೋಟಿ. ನೇಪಾಳ, ಭೂತಾನ್ ಗಡಿ ಕಾಯುವ ಸಶಸ್ತ್ರ ಸೀಮಾ ಬಲಕ್ಕೆ 10 ಸಾವಿರ ಕೋಟಿ ಚಿಲ್ಲರೆ. ಬರ್ಮಾ (ಈಗಿನ ಮ್ಯಾನ್ಮಾರ್) ಗಡಿಯ ಅಸ್ಸಾಂ ರೈಫಲ್ಸ್‌ಗೆ 8 ಸಾವಿರ ಕೋಟಿ ಚಿಲ್ಲರೆ. ರಕ್ಷಣೆಗೆ ಬೇರೆ 6.81 ಲಕ್ಷ ಕೋಟಿ. ನನಗೆ ಇದರಲ್ಲಿ ಹೊಟ್ಟೆಕಿಚ್ಚು ಇಲ್ಲ. ಆದರೆ ಇಷ್ಟು ಜನ ಕಾಯುವಾಗ ಮೂಟೆ ಅಡಿಕೆ ಹೇಗೆ ದಾಟುತ್ತದೆ? ಅದು ಜೇಬಲ್ಲಿ ಹಾಕಿಕೊಂಡು ಬರುವ ಚಿನ್ನ ಅಲ್ಲವಲ್ಲ. ಗಡಿಗೆ ಇನ್ನೂ ದುಡ್ಡು ಕೊಡಿ ಎಂದು ನಾವು ಕೇಳಬೇಕಾ, ಅಥವಾ ಆ ದುಡ್ಡು ತೋಟಕ್ಕೆ ಕೊಡಿ ಎನ್ನಬೇಕಾ? ತಿಳಿದವರು ಬರೆಯಿರಿ.

ಮಾಜಿ ಸಿಪಾಯಿ (ಹೊಸನಗರ)

ನಾನು ಸಶಸ್ತ್ರ ಸೀಮಾ ಬಲದಲ್ಲಿ ಇದ್ದವನು. ಜಾಸ್ತಿ ವರ್ಷ ನೇಪಾಳ ಗಡಿಯಲ್ಲೇ ಕಳೆದೆ. ಅಲ್ಲಿ ಬೇಲಿ ಇರುತ್ತದೆ ಎಂದು ನೀವು ಅಂದುಕೊಂಡಿದ್ದರೆ ಅದನ್ನು ಮೊದಲು ಬಿಡಿ. 1,751 ಕಿಲೋಮೀಟರ್ ಗಡಿ, ಬೇಲಿ ಇಲ್ಲ, ವೀಸಾ ಇಲ್ಲ. 1950ರ ಒಪ್ಪಂದ ಆದಾಗಿನಿಂದ ಹಾಗೇ ಇದೆ. ಬೆಳಿಗ್ಗೆ ಆ ಕಡೆಯ ಹೆಂಗಸು ಈ ಕಡೆಯ ಗಿರಣಿಗೆ ಭತ್ತ ತರುತ್ತಾಳೆ. ಈ ಕಡೆಯ ಹುಡುಗ ಆ ಕಡೆ ಮದುವೆಗೆ ಹೋಗುತ್ತಾನೆ. ಎಲ್ಲರ ಚೀಲ ಬಿಚ್ಚಿಸಿದರೆ ಸಂಜೆಯೊಳಗೆ ಊರೇ ಎದುರು ನಿಲ್ಲುತ್ತದೆ.

ಅಡಿಕೆ ಲಾರಿಯಲ್ಲಿ ಗಡಿ ದಾಟುವುದು ಕಡಿಮೆ. ಸೈಕಲ್ ಮೇಲೆ ಅರ್ಧ ಮೂಟೆ, ತಲೆ ಮೇಲೆ ಕಾಲು ಮೂಟೆ. ಗದ್ದೆ ಬದುವಿನ ಮೇಲೆ ದಾಟಿ ಈ ಕಡೆಯ ಒಂದು ಮನೆಯಲ್ಲಿ ಸೇರುತ್ತದೆ. ಆ ಮನೆಯಿಂದ ಹೊರಟಾಗ ಅದು ಲಾರಿ.

ನಾನು ಮಲೆನಾಡಿನವ ಎಂದು ಗೊತ್ತಾದ ಮೇಲೆ ಅಧಿಕಾರಿಗಳು ಹಿಡಿದ ಮಾಲನ್ನು ನೋಡಲು ನನ್ನನ್ನೇ ಕರೆಯುತ್ತಿದ್ದರು. ಒಂದು ಕಾಯಿ ಅಡಕತ್ತರಿಯಲ್ಲಿ ಎರಡು ಹೋಳು ಮಾಡುತ್ತಿದ್ದೆ, ಮೂಸುತ್ತಿದ್ದೆ. ನಮ್ಮದಲ್ಲ ಎಂದು ಹೇಳುತ್ತಿದ್ದೆ. ಅಷ್ಟೇ ನನ್ನ ಕೆಲಸ. ಆಮೇಲೆ ಪಟ್ಟಿ ಬರೆದು ಕಸ್ಟಮ್ಸ್‌ನವರಿಗೆ ಒಪ್ಪಿಸುವುದು. ಕೇಸು ನಡೆಸುವುದು ಅವರು. ಮುಂದೆ ಏನಾಯಿತು ಎಂದು ನಮಗೆ ಯಾರೂ ತಿಳಿಸುತ್ತಿರಲಿಲ್ಲ.

ಇನ್ನು ನೀವು ಹೇಳಿದ ಸಾವಿರಾರು ಕೋಟಿಯಲ್ಲಿ ಹೆಚ್ಚಿನದು ಸಂಬಳ, ರೇಷನ್, ಬಟ್ಟೆ, ವಸತಿಗೇ ಹೋಗುತ್ತದೆ. ಅದರಲ್ಲೇ ನನ್ನ ಮಕ್ಕಳು ಓದಿದ್ದು. ಸುಳ್ಳು ಯಾಕೆ ಹೇಳಲಿ.

ಖಜಾನೆ ಮೇಷ್ಟ್ರು (ಸಾಗರ)

ನಾನು ಮೇಷ್ಟ್ರು ಅಲ್ಲ. ಖಜಾನೆ ಇಲಾಖೆಯಲ್ಲಿ ಇದ್ದೆ, ಲೆಕ್ಕ ಹೇಳಿಕೊಡುತ್ತೇನೆ ಎಂದು ಹುಡುಗರು ಇಟ್ಟ ಹೆಸರು.

ಸರ್ಕಾರದ ಲೆಕ್ಕ ಪುಸ್ತಕದಲ್ಲಿ ಖರ್ಚಿಗೆ ಮೂರು ದೊಡ್ಡ ಕೋಣೆ ಇವೆ. ಸಾಮಾನ್ಯ ಸೇವೆ, ಸಾಮಾಜಿಕ ಸೇವೆ, ಆರ್ಥಿಕ ಸೇವೆ. ಸೈನ್ಯ, ಪೊಲೀಸ್, ಸಾಲದ ಬಡ್ಡಿ, ಪಿಂಚಣಿ, ತೆರಿಗೆ ವಸೂಲಿ, ಎಲ್ಲ ಸಾಮಾನ್ಯ ಸೇವೆ. ಶಾಲೆ, ಆಸ್ಪತ್ರೆ ಸಾಮಾಜಿಕ. ಕೃಷಿ, ನೀರಾವರಿ, ವಿದ್ಯುತ್, ರಸ್ತೆ ಆರ್ಥಿಕ ಸೇವೆ. ಗಡಿ ಪಡೆಗಳ ಖರ್ಚು ಪೊಲೀಸ್ ಲೆಕ್ಕದಲ್ಲಿ ಬರುತ್ತದೆ, ಅದರ ಸಂಖ್ಯೆ 2055. ಕಸ್ಟಮ್ಸ್ 2037. ಬೆಳೆಗೆ 2401, ಅದರೊಳಗೆ ತೋಟಗಾರಿಕೆ 119.

ಈಗ ನಿಮ್ಮ ಅಡಿಕೆ ಮೂಟೆ ನೋಡಿ. ಗಡಿಯಲ್ಲಿ ಅದನ್ನು ಹಿಡಿಯುವವನ ಸಂಬಳ 2055ರಿಂದ. ಕೇಸು ಬರೆಯುವವನದು 2037ರಿಂದ. ನಿಮ್ಮ ಮರಕ್ಕೆ ರೋಗ ಬಂದರೆ ಔಷಧಿ 2401ರಿಂದ. ಮೊದಲನೆಯದು ಗೃಹ ಇಲಾಖೆ, ಎರಡನೆಯದು ಹಣಕಾಸು, ಮೂರನೆಯದು ಕೃಷಿ. ಇನ್ನು ಆಮದಿಗೆ ಎಷ್ಟು ಬೆಲೆ ಎಂದು ಕಟ್ಟುವವರು ವಾಣಿಜ್ಯ ಇಲಾಖೆ. ಅಡಿಕೆ ಎಂಬ ಒಂದು ಕಾಯಿಗೆ ನಾಲ್ಕು ಯಜಮಾನರು.

ಇನ್ನೊಂದು ಲೆಕ್ಕ. ಅದೇ 2025-26ರ ಬಜೆಟ್‌ನಲ್ಲಿ ಕೇಂದ್ರದ ಒಟ್ಟು ಖರ್ಚು 50.65 ಲಕ್ಷ ಕೋಟಿ. ಇದನ್ನು ನೂರು ರೂಪಾಯಿ ಅಂದುಕೊಳ್ಳಿ. ಬಡ್ಡಿಗೆ 25 ರೂಪಾಯಿ. ರಕ್ಷಣೆಗೆ 13 ಚಿಲ್ಲರೆ. ನೀವು ಹೇಳಿದ ಮೂರು ಪಡೆ ಸೇರಿಸಿದರೆ ಒಂದು ರೂಪಾಯಿಯೂ ಪೂರ್ತಿ ಆಗುವುದಿಲ್ಲ. ಅಲ್ಲಿಂದ ತೆಗೆದು ತೋಟಕ್ಕೆ ಕೊಡಿ ಎನ್ನುವುದು ಮಾತಿಗೆ ಚೆಂದ, ತೆಗೆದರೂ ಸಿಗುವುದು ಅಷ್ಟರಲ್ಲೇ ಇದೆ.

ಬೆಂಗಳೂರಲ್ಲಿರೋ ತೀರ್ಥಳ್ಳಿಯವ

ಬೈಯಬೇಡಿ, ನನ್ನ ಅಪ್ಪನ ತೋಟವೂ ಅಡಿಕೆಯೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅದನ್ನು ಕಾಯಲು ಸರ್ಕಾರ ದುಡ್ಡು ಹಾಕಬೇಕು ಎಂದು ಯಾವ ಮುಖ ಇಟ್ಟುಕೊಂಡು ಕೇಳುವುದು? ಬೇರೆ ಬೆಳೆಗೆ ದಾಟಲು ಕೇಳಿ ಎಂದರೆ ಒಪ್ಪಬಹುದು.

ತೋಟದಮನೆ ಅಕ್ಕ (ಶೃಂಗೇರಿ ಹತ್ತಿರ)

ತಮ್ಮಾ, ದಾಟಿ ಅಂತ ಹೇಳುವುದು ಸುಲಭ. ಅಡಿಕೆ ಗಿಡ ಫಲ ಕೊಡಲು ಏಳು-ಎಂಟು ವರ್ಷ ಬೇಕು. ಹಾಗೇ ಬಿಡಲೂ ಅಷ್ಟೇ ವರ್ಷ ಬೇಕು. ನಮ್ಮ ಕಡೆ ಹಳದಿ ಎಲೆ ರೋಗ ಬಂದು ಎಷ್ಟು ದಶಕ ಆಯಿತು! ತೋಟಗಳೇ ಖಾಲಿಯಾಗಿವೆ. ನಾವು ದಾಟಿಯೇ ಇದ್ದೇವೆ, ಕಾಫಿಗೆ, ಕಾಳುಮೆಣಸಿಗೆ. ಕಾಳುಮೆಣಸಿನದ್ದೂ ಇದೇ ಕಥೆ. ಬೇರೆ ದೇಶದ ಮೆಣಸು ಶ್ರೀಲಂಕಾದ ಹೆಸರಲ್ಲಿ ಬಂತು. 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಗಿಂತ ಕಡಿಮೆಯದ್ದು ತರಬಾರದು ಎಂದು ಸರ್ಕಾರ ಕಟ್ಟು ಹಾಕಿತು. ಮೆಣಸಿಂದ ಕ್ಯಾನ್ಸರ್ ಬರುತ್ತಾ? ಇಲ್ಲವಲ್ಲ. ಆದರೂ ಬೆಲೆ ಬಿತ್ತು. ಅಂದ್ರೆ ಸಮಸ್ಯೆ ಅಡಿಕೆಯದ್ದು ಮಾತ್ರ ಅಲ್ಲ.

ಮಂಡಿ ಗುಮಾಸ್ತ (ಶಿವಮೊಗ್ಗ)

ಎರಡು ದಿನದಿಂದ ಓದುತ್ತಿದ್ದೇನೆ. ಮಂಡಿಯಲ್ಲಿ ಬಿಲ್ಲು ಬರೆಯುವವನು ನಾನು, ಅದಕ್ಕೇ ಹೆಸರು ಹಾಕುವುದಿಲ್ಲ.

ಎಲ್ಲರೂ ಗಡಿ, ಸೈಕಲ್, ಬೇಲಿ ಎನ್ನುತ್ತಿದ್ದೀರಿ. ಒಂದು ದಾರಿ ಅದು. ದೊಡ್ಡ ದಾರಿ ಕಾಗದದ್ದು. 2023ರ ಫೆಬ್ರವರಿಯಿಂದ ಹೊರಗಿನ ಅಡಿಕೆಗೆ ಕನಿಷ್ಠ ಆಮದು ಬೆಲೆ ಕಿಲೋಗೆ 351 ರೂಪಾಯಿ. ಅದಕ್ಕೂ ಮುಂಚೆ 251 ಇತ್ತು. ಅದರ ಮೇಲೆ ಸುಂಕ ನೂರಕ್ಕೆ ನೂರು. 351ಕ್ಕೆ ಇನ್ನೊಂದು 351 ಸೇರಿಸಿ. ಸಾಚಾ ದಾರಿಯಲ್ಲಿ ಬಂದ ಅಡಿಕೆ ಬಂದರಲ್ಲೇ 700 ದಾಟಿತು. ಯಾವ ಹುಚ್ಚ ತರುತ್ತಾನೆ? ಹಾಗಾಗಿ ಬರುವುದೆಲ್ಲ ಬೇರೆ ವೇಷದಲ್ಲಿ ಬರುತ್ತದೆ. ಇಂಡೋನೇಷ್ಯಾದ್ದು ಶ್ರೀಲಂಕಾದ ಮೂಲ ಪತ್ರ (ಯಾವ ದೇಶದ ಮಾಲು ಎಂದು ಹೇಳುವ ಕಾಗದ) ಹಿಡಿದು ಬರುತ್ತದೆ, ಶ್ರೀಲಂಕಾದ ಮಾಲಿಗೆ ಸುಂಕದಲ್ಲಿ ರಿಯಾಯಿತಿ ಸಿಗುತ್ತದಲ್ಲ. ಕಂಟೇನರಿನಲ್ಲಿ ಬೇರೆ ಮಾಲಿನ ಹೆಸರು ಬರೆದು ಬರುತ್ತದೆ. ರಫ್ತಿಗೆ ಎಂದು ವಿಶೇಷ ಆರ್ಥಿಕ ವಲಯಕ್ಕೆ ಇಳಿಸಿ ಹಿಂಬಾಗಿಲಿಂದ ಪೇಟೆಗೆ ಬರುತ್ತದೆ. ಹುರಿದ ಅಡಿಕೆ ಎಂಬ ಇನ್ನೊಂದು ಬಾಗಿಲೂ ಇತ್ತು, 2025ರ ಏಪ್ರಿಲ್‌ನಲ್ಲಿ ಅದಕ್ಕೂ 351ರ ಕಟ್ಟು ಹಾಕಿದರು. ಈ ಯಾವುದನ್ನೂ ಬಂದೂಕು ಹಿಡಿದವನು ತಡೆಯಲಾರ. ಕಾಗದ ಓದಲು ಬರುವವನು ಬೇಕು.

ಒಂದು ಕಹಿ ಮಾತು. ನಾವು ಸುಂಕ ಏರಿಸಿ ಎಂದು ಮನವಿ ಕೊಟ್ಟಷ್ಟೂ ಕಳ್ಳನಿಗೆ ಲಾಭ ಜಾಸ್ತಿ. ಗೋಡೆ ಎತ್ತರ ಆದಷ್ಟೂ ಏಣಿ ಬಾಡಿಗೆ ಏರುತ್ತದೆ. ಸುಂಕ ತೆಗೆಯಿರಿ ಎನ್ನುತ್ತಿಲ್ಲ, ತೆಗೆದರೆ ನಾವು ಮುಳುಗಿದೆವು. ಗೋಡೆ ಕಟ್ಟಿ ಕಾವಲಿಗೆ ಜನ ಇಡದಿದ್ದರೆ ಏನು ಬಂತು, ಅಷ್ಟೇ.

ಭೂತಾನ್ ಅಡಿಕೆ ಬಗ್ಗೆ ಗಾಬರಿ ಬೇಡ. 2022ರಲ್ಲಿ ವರ್ಷಕ್ಕೆ 17 ಸಾವಿರ ಟನ್ ಹಸಿ ಅಡಿಕೆಗೆ ಬಿಟ್ಟರು, ಎಲ್ಲರೂ ಬೀದಿಗಿಳಿದರು. ಅದು ಹಸಿ. ನಮ್ಮಲ್ಲಿ ಕ್ವಿಂಟಾಲ್ ಹಸಿ ಸುಲಿದು ಬೇಯಿಸಿ ಒಣಗಿಸಿದರೆ 12-13 ಕಿಲೋ ಕೆಂಪಡಿಕೆ. ಆ ಲೆಕ್ಕದಲ್ಲಿ ಎರಡು ಸಾವಿರ ಟನ್ ಚಿಲ್ಲರೆ. ದೇಶದಲ್ಲಿ ಬೆಳೆಯುವುದು ಹತ್ತು ಲಕ್ಷ ಟನ್ನಿಗೂ ಜಾಸ್ತಿ, ಅದರಲ್ಲಿ ಮುಕ್ಕಾಲು ಪಾಲು ಕರ್ನಾಟಕದ್ದೇ. ಬೆಲೆ ಬೀಳಿಸಿದ್ದು ಆ ಎರಡು ಸಾವಿರ ಟನ್ ಅಲ್ಲ. ಅದರ ಹೆಸರು ಹೇಳಿ ಬೀಳಿಸಿದವರು ಇದ್ದಾರೆ. ಮರದ ಮೇಲಿನ ಫಸಲನ್ನೇ ಗುತ್ತಿಗೆ ಹಿಡಿಯುವ ಖೇಣಿದಾರರನ್ನು ಕೇಳಿ, ನಗುತ್ತಾರೆ.

ಆಗುಂಬೆ ಮಳೆ (ತೀರ್ಥಹಳ್ಳಿ)

ಹಾಗಾದರೆ ‘ಬರ್ಮಾ ಮಾಲು’ ಎನ್ನುವುದೇ ಸುಳ್ಳಾ? ನನ್ನ ಮೂರು ಮೂಟೆ ಸುಮ್ನೆ ಅಲ್ಲಿ ಕೂತಿದೆಯಾ?

ಮಾಜಿ ಸಿಪಾಯಿ (ಹೊಸನಗರ)

ಸುಳ್ಳಲ್ಲ. ಬರ್ಮಾ ಗಡಿ 1,643 ಕಿಲೋಮೀಟರ್, ಎಲ್ಲ ಗುಡ್ಡ. ಆಗುಂಬೆ ಘಾಟಿಯನ್ನು ನೂರು ಸಲ ಮಡಚಿ ಇಟ್ಟ ಹಾಗೆ. ಮಿಜೋರಾಂನಲ್ಲಿ ಟಿಯಾವು ಎಂಬ ಹೊಳೆಯೇ ಗಡಿ. ಬೇಸಿಗೆಯಲ್ಲಿ ನಮ್ಮ ಹಳ್ಳದ ಹಾಗೆ ನಡೆದೇ ದಾಟಬಹುದು. ಅಸ್ಸಾಂ ರೈಫಲ್ಸ್‌ನವರು ಆಗಾಗ ಅಡಿಕೆ ಮೂಟೆ ಹಿಡಿದ ಸುದ್ದಿ ಬರುತ್ತಲೇ ಇರುತ್ತದೆ. ಅವರದ್ದು ಇನ್ನೊಂದು ಪಜೀತಿ. ಸಂಬಳ ಕೊಡುವುದು ಗೃಹ ಇಲಾಖೆ, ಆಜ್ಞೆ ಕೊಡುವುದು ಸೈನ್ಯ. ಅವರ ಕಣ್ಣು ಬಂದೂಕು ತರುವವನ ಮೇಲೆ, ಮಾದಕ ವಸ್ತುವಿನ ಮೇಲೆ. ಅಡಿಕೆ ಮೂರನೆಯದೋ ನಾಲ್ಕನೆಯದೋ.

ಮೊದಲು ಗಡಿಯ ಎರಡೂ ಕಡೆ 16 ಕಿಲೋಮೀಟರ್‌ವರೆಗೆ ಜನ ವೀಸಾ ಇಲ್ಲದೆ ಓಡಾಡಬಹುದಿತ್ತು. 2024ರಲ್ಲಿ ಅದನ್ನು ನಿಲ್ಲಿಸುತ್ತೇವೆ, ಪೂರ್ತಿ ಬೇಲಿ ಹಾಕುತ್ತೇವೆ ಎಂದು ಅಮಿತ್ ಶಾ ಹೇಳಿದರು. ಬೇಲಿಗೂ ಅದರ ಪಕ್ಕದ ರಸ್ತೆಗೂ ಸೇರಿ ಸುಮಾರು 31 ಸಾವಿರ ಕೋಟಿ ಎಂದು ಪತ್ರಿಕೆಗಳಲ್ಲಿ ಬಂತು. ಆ ಕಡೆಯೂ ಈ ಕಡೆಯೂ ಒಂದೇ ಕುಲದ ಜನ. ಮಿಜೋರಾಂ ಮತ್ತು ನಾಗಾಲ್ಯಾಂಡ್ ಸರ್ಕಾರಗಳೇ ಬೇಡ ಎಂದವು. ಬೇಲಿ ಬೇಕು ಎನ್ನುವ ಸಿಪಾಯಿಯೂ ನಾನೇ. ಅದರೊಳಗೆ ಅವರ ಅಜ್ಜಿ ಮನೆ ಇದೆ ಎಂದು ಗೊತ್ತಿರುವವನೂ ನಾನೇ.

ಖಜಾನೆ ಮೇಷ್ಟ್ರು (ಸಾಗರ)

1,643 ಕಿಲೋಮೀಟರಿಗೆ 31 ಸಾವಿರ ಕೋಟಿ ಅಂದರೆ ಕಿಲೋಮೀಟರಿಗೆ ಸುಮಾರು 19 ಕೋಟಿ. ನಮ್ಮೂರ ಹಳ್ಳ ದಾಟುವ ಕಾಲುಸಂಕಕ್ಕೆ ಹತ್ತು ಲಕ್ಷ ಕೇಳಿದರೆ ಅನುದಾನ ಇಲ್ಲ ಎನ್ನುತ್ತಾರೆ. ಹೋಲಿಕೆ ಸರಿಯಲ್ಲ ಎಂದು ನನಗೂ ಗೊತ್ತು. ಆದರೂ ಬಾಯಿಗೆ ಬಂತು.

ಭದ್ರಾವತಿ ಹುಡುಗ

ಭದ್ರತೆ ದುಡ್ಡು ದೆಹಲಿಯಲ್ಲೇ ಇರುತ್ತದೆ ಅನ್ನಬೇಡಿ. ನಮ್ಮೂರ ಬುಳ್ಳಾಪುರದಲ್ಲಿ 50 ಎಕರೆ ಜಾಗದಲ್ಲಿ ಗಲಭೆ ತಡೆಯುವ ಕೇಂದ್ರದ ಕ್ಷಿಪ್ರ ಕಾರ್ಯಪಡೆಯ 97ನೇ ಬೆಟಾಲಿಯನ್‌ಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಒಂದು ಕಡೆ ಅದು ಬಂತು. ಇನ್ನೊಂದು ಕಡೆ ನೂರು ವರ್ಷದ ಉಕ್ಕಿನ ಕಾರ್ಖಾನೆ ಮುಚ್ಚುತ್ತೇವೆ ಎಂದರು. ಮೇಷ್ಟ್ರ ಲೆಕ್ಕದಲ್ಲಿ ಮೊದಲನೆಯದು ಸಾಮಾನ್ಯ ಸೇವೆ, ಎರಡನೆಯದು ಆರ್ಥಿಕ. ನಮ್ಮ ಬೀದಿಯಲ್ಲಿ ಎರಡೂ ಕಿರಾಣಿ ಅಂಗಡಿಯ ಲೆಕ್ಕವೇ. ಯಾವುದರ ಸಂಬಳ ಬಂದರೂ ಅಕ್ಕಿ ಮಾರಾಟ ಆಗುತ್ತದೆ.

ತೋಟದಮನೆ ಅಕ್ಕ (ಶೃಂಗೇರಿ ಹತ್ತಿರ)

ಭದ್ರತೆ ಖರ್ಚು ನಮಗೆ ಹೊಸದಲ್ಲ. 2005ರ ಆಸುಪಾಸಿನಿಂದ ನಕ್ಸಲ್ ನಿಗ್ರಹ ದಳದ ಜೀಪು ನಮ್ಮ ಮನೆ ಮುಂದೆಯೇ ಓಡಾಡಿದ್ದು. ರಾತ್ರಿ ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋಗಲೂ ಹೆದರಿದ ದಿನ ಇತ್ತು. 2025ರ ಜನವರಿಯಲ್ಲಿ ಆರು ಜನ ಬೆಂಗಳೂರಿಗೆ ಹೋಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಎದುರು ಶರಣಾದರು. ಒಳ್ಳೆಯದಾಯಿತು. ಆದರೆ ಅಷ್ಟು ವರ್ಷ ಜೀಪು ಬಂದ ದಾರಿಯಲ್ಲಿ ಶಾಲೆ ವ್ಯಾನು ಬರಲಿಲ್ಲ. ಜೀಪಿಗೆ ಡಾಂಬರು ಬೇಕಿರಲಿಲ್ಲ ನೋಡಿ.

ಆರ್ಥಿಕ ಸೇವೆ ಎಂದು ಮೇಷ್ಟ್ರು ಹೇಳಿದರಲ್ಲ, ನಮ್ಮ ಪಾಲಿಗೆ ಅದು ಮಳೆ ಅಳೆಯುವ ಡಬ್ಬಿ. ಹವಾಮಾನ ಆಧಾರಿತ ಬೆಳೆ ವಿಮೆಗೆ ಅಡಿಕೆಗೆ ಹೆಕ್ಟೇರಿಗೆ 6,400 ರೂಪಾಯಿ ಕಟ್ಟುತ್ತೇವೆ, ವಿಮೆ ಮೊತ್ತ 1,28,000. ಮಿಕ್ಕ ಪ್ರೀಮಿಯಂ ಸರ್ಕಾರದ್ದು. ಮಳೆ ಎಷ್ಟು ಬಿತ್ತು ಎಂಬುದರ ಮೇಲೆ ಪರಿಹಾರ. ನಮ್ಮ ಪಂಚಾಯಿತಿಯ ಡಬ್ಬಿ ಒಂದು ಮಳೆಗಾಲ ಪೂರ್ತಿ ಕೆಟ್ಟು ಕೂತಿತ್ತು. ಮಳೆಗೆ ಕೊಳೆ ರೋಗ ಬಂದು ಕಾಯಿ ಉದುರಿ ಅಂಗಳ ಹಸಿರಾಯಿತು, ಪುಸ್ತಕದಲ್ಲಿ ಮಾತ್ರ ಬಿಸಿಲು. ಯಾರದು ತಪ್ಪು ಎಂದು ಹೆಸರು ಹಾಕುವುದಿಲ್ಲ, ಕೇಳಿದವರೆಲ್ಲ ಇನ್ನೊಬ್ಬರನ್ನು ತೋರಿಸಿದರು. ನೀವು ಗಡಿಯಲ್ಲಿ ಕಾಗದ ಓದುವವನು ಬೇಕು ಎನ್ನುತ್ತೀರಿ. ನಮಗೆ ಡಬ್ಬಿ ಓದುವವನು ಬೇಕು.

ಬೆಂಗಳೂರಲ್ಲಿರೋ ತೀರ್ಥಳ್ಳಿಯವ

ಅಕ್ಕ, ಸೋತೆ. ನನ್ನ ಮಾತು ಪೂರ್ತಿ ಹಿಂದೆ ತೆಗೆದುಕೊಳ್ಳುವುದಿಲ್ಲ, ಅರ್ಧ ತೆಗೆದುಕೊಳ್ಳುತ್ತೇನೆ. ಒಂದು ಪ್ರಶ್ನೆ, ಹಿಡಿದ ಅಡಿಕೆಗೆ ಆಮೇಲೆ ಏನಾಗುತ್ತದೆ?

ಮಂಡಿ ಗುಮಾಸ್ತ (ಶಿವಮೊಗ್ಗ)

ಇಲ್ಲೇ ಇರುವುದು ಗಂಟು. ಚಿನ್ನ ಹಿಡಿದರೆ, ಇದು ಕಳ್ಳಮಾಲಲ್ಲ ಎಂದು ತೋರಿಸಬೇಕಾದವನು ಇಟ್ಟುಕೊಂಡವನು. 1962ರ ಕಸ್ಟಮ್ಸ್ ಕಾಯ್ದೆಯ 123ನೇ ಕಲಂ ಹಾಗೆ ಹೇಳುತ್ತದೆ. ಅಡಿಕೆ ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಬಿಹಾರದಲ್ಲೋ ಬಂಗಾಳದಲ್ಲೋ ಲಾರಿ ಹಿಡಿದರೆ ಇದು ಹೊರದೇಶದ್ದು ಎಂದು ಇಲಾಖೆಯವರೇ ಸಾಬೀತು ಮಾಡಬೇಕು. ಲಾರಿಯವನು ‘ಇದು ಅಸ್ಸಾಂ ಅಡಿಕೆ ಸ್ವಾಮಿ’ ಎಂದು ಬಿಲ್ಲು ತೋರಿಸುತ್ತಾನೆ. ಅಸ್ಸಾಮಿನಲ್ಲಿ ನಿಜವಾಗಿಯೂ ಅಡಿಕೆ ಬೆಳೆಯುತ್ತಾರೆ. ಮಾದರಿಯನ್ನು ಮಂಗಳೂರಿನ ಪ್ರಯೋಗಾಲಯಕ್ಕೆ ಕಳಿಸುತ್ತಿದ್ದರು. ಅದಕ್ಕೆ ಬೇಕಾದ ಮಾನ್ಯತೆ ಇಲ್ಲ ಎಂಬ ತಕರಾರು ಹೈಕೋರ್ಟಿನಲ್ಲಿ ಎದ್ದಿತು. ಅಡಿಕೆ ಮೇಲೆ ಊರಿನ ಹೆಸರು ಬರೆದಿರುವುದಿಲ್ಲವಲ್ಲ. ಮಾಲು ಬಿಡುಗಡೆ ಆಗುತ್ತದೆ. ಇಲ್ಲವೇ ತಿನ್ನಲು ಯೋಗ್ಯ ಎಂದಾದರೆ ಹರಾಜಿಗೆ ಹೋಗುತ್ತದೆ. ಅಂದರೆ ಮತ್ತೆ ಪೇಟೆಗೇ.

ಮಾಜಿ ಸಿಪಾಯಿ (ಹೊಸನಗರ)

ಅಂದರೆ ನಾನು ಮೂಸಿ ಹೇಳಿದ್ದೆಲ್ಲ ವ್ಯರ್ಥ! ರಾತ್ರಿ ಎರಡು ಗಂಟೆಗೆ ಮಂಜಿನಲ್ಲಿ ಕೂತು ಹಿಡಿದ ಮೂಟೆಗಳು.

ಆಗುಂಬೆ ಮಳೆ (ತೀರ್ಥಹಳ್ಳಿ)

ಹಾಗಾದರೆ ಕೇಳಬೇಕಾದ್ದು ಸಿಕ್ಕಿತಲ್ಲ. ಬೇಲಿಗೆ ಇನ್ನಷ್ಟು ದುಡ್ಡು ಅಲ್ಲ. ಮಾನ್ಯತೆ ಇರುವ ಎರಡು ಪ್ರಯೋಗಾಲಯ, ಬಂದರಿನಲ್ಲಿ ಅಡಿಕೆ ಗೊತ್ತಿರುವ ನಾಲ್ಕು ಜನ. ಮತ್ತೆ ಅಡಿಕೆಯನ್ನು ಆ 123ರ ಪಟ್ಟಿಗೆ ಸೇರಿಸಿ ಎಂದು ಒಂದು ಮನವಿ. ಅಧಿಸೂಚನೆಗೆ ಒಂದು ಕಾಗದದ ಖರ್ಚು.

ಮಂಡಿ ಗುಮಾಸ್ತ (ಶಿವಮೊಗ್ಗ)

ಮೊದಲ ಎರಡು ಸರಿ. ಮೂರನೆಯದಕ್ಕೆ ಸಹಿ ಹಾಕುವ ಮುಂಚೆ ಒಂದು ರಾತ್ರಿ ಯೋಚನೆ ಮಾಡಿ. ಆ ಪಟ್ಟಿಗೆ ಸೇರಿದರೆ ನಾಳೆ ನಿಮ್ಮ ಮೂರು ಮೂಟೆಯನ್ನು ಯಾವನೋ ಅಧಿಕಾರಿ ಅನುಮಾನದಿಂದ ಹಿಡಿದರೆ, ಇದು ತೀರ್ಥಹಳ್ಳಿಯದ್ದು ಎಂದು ತೋರಿಸಬೇಕಾದವರು ನೀವು. ನಿಮ್ಮ ಹತ್ತಿರ ಏನಿದೆ ಕಾಗದ? ಪಹಣಿಯಲ್ಲಿ ಅಡಿಕೆ ಎಂದು ಬರೆದಿದೆಯಾ? ಬಗರ್‌ಹುಕುಂ ತೋಟದವರು, ಅಂದರೆ ಸರ್ಕಾರಿ ಜಾಗದಲ್ಲಿ ಹಕ್ಕುಪತ್ರ ಇಲ್ಲದೆ ತೋಟ ಮಾಡಿದವರು, ಏನು ತೋರಿಸುತ್ತಾರೆ? ಇನ್ನು ಪೇಟೆಯ ಜೀರೋ ಬಿಲ್ ವ್ಯವಹಾರ ನಿಮಗೆಲ್ಲ ಗೊತ್ತೇ ಇದೆ. ಶೇ. 5 ಜಿಎಸ್‌ಟಿ ಉಳಿಸಲು ಬಿಲ್ಲಿಲ್ಲದೆ ಕೊಟ್ಟವರು, ತೆಗೆದುಕೊಂಡವರು, ಎಲ್ಲ ನಮ್ಮವರೇ. ಕಳ್ಳಮಾಲು ಸೇರಿಕೊಳ್ಳುವುದೂ ಅದೇ ಬಿಲ್ಲಿಲ್ಲದ ಲಾರಿಯಲ್ಲಿ.

ಖಜಾನೆ ಮೇಷ್ಟ್ರು (ಸಾಗರ)

ಗುಮಾಸ್ತರು ಹೇಳಿದ್ದು ಸರಿ. ಮ್ಯಾಮ್ಕೋಸ್ ಥರದ ಅಡಿಕೆ ಬೆಳೆಗಾರರ ಸಹಕಾರ ಸಂಘಕ್ಕೆ ಕೊಟ್ಟವರಿಗೆ ಬಿಲ್ಲು ಇರುತ್ತದೆ, ಅವರಿಗೆ ಭಯವಿಲ್ಲ. ಹೊರಗೆ ಕೊಟ್ಟವರ ಕಥೆ ಬೇರೆ. ಮನವಿಯಲ್ಲಿ ಪ್ರಯೋಗಾಲಯ, ಮಳೆ ಡಬ್ಬಿ, ಎರಡನ್ನೇ ಬರೆಯೋಣ. ಒಂದು ಹಣಕಾಸು ಇಲಾಖೆಗೆ, ಒಂದು ತೋಟಗಾರಿಕೆಗೆ. ಎರಡೂ ಒಂದೇ ಕಾಗದದಲ್ಲಿ ಬರೆದರೆ ಇಬ್ಬರೂ ನಮ್ಮದಲ್ಲ ಎಂದು ವಾಪಸ್ ಕಳಿಸುತ್ತಾರೆ. ಅದು ನನ್ನ ಸರ್ವಿಸಿನ ಅನುಭವ.

ಭದ್ರಾವತಿ ಹುಡುಗ

ಮೂರನೆಯದನ್ನು ಬಿಟ್ಟರೆ ಕಳ್ಳರು ನಗುತ್ತಾರೆ. ನಾನು ಒಪ್ಪುವುದಿಲ್ಲ. ಬಿಲ್ಲು ಹಾಕಿಸಿ ಮಾರಲು ಕಲಿಯಿರಿ.

ಆಗುಂಬೆ ಮಳೆ (ತೀರ್ಥಹಳ್ಳಿ)

ಕಲಿಯುತ್ತೇವೆ ತಮ್ಮ, ನೀನು ಬಂದು ಪಹಣಿ ತಿದ್ದಿಸಿಕೊಡು! ಎರಡು ಮನವಿ ಬರೆಯುತ್ತಿದ್ದೇನೆ. ಸಿಪಾಯಿ ಅಣ್ಣ, ನೀವು ಮುಂದಿನ ಬುಧವಾರ ಶಿವಮೊಗ್ಗಕ್ಕೆ ಬರುವುದಾದರೆ ನನ್ನ ಜೊತೆ ಮಂಡಿಗೆ ಬನ್ನಿ. ಪಕ್ಕದ ರಾಶಿಯೊಂದು ನೋಡಿದೆ, ಬಣ್ಣ ಯಾಕೋ ಸರಿ ಕಾಣಲಿಲ್ಲ. ಒಮ್ಮೆ ಮೂಸಿ ನೋಡಿ.

ಮಾಜಿ ಸಿಪಾಯಿ (ಹೊಸನಗರ)

ಬರುತ್ತೇನೆ. ಅಡಕತ್ತರಿ ನನ್ನದೇ ತರುತ್ತೇನೆ.

ತೋಟದಮನೆ ಅಕ್ಕ (ಶೃಂಗೇರಿ ಹತ್ತಿರ)

ಅದೆಲ್ಲ ಇರಲಿ, ನಿಮ್ಮ ಕಡೆ ಸೊಸೈಟಿಗೆ ಕೊಳೆ ಔಷಧಿಯ ಸಬ್ಸಿಡಿ ಮೈಲುತುತ್ತ ಬಂತಾ? ಇಲ್ಲಿ ಮೂರು ದಿನ ಮಳೆ ಬಿಟ್ಟಿದೆ, ಔಷಧಿ ಹೊಡೆಯುವವರೂ ಸಿಕ್ಕಿದ್ದಾರೆ, ಸುಣ್ಣವೂ ಇದೆ. ಮೈಲುತುತ್ತ ಮಾತ್ರ ‘ಮುಂದಿನ ವಾರ’.